ಮೂರನೇ ಕ್ಲಾಸನ್ನು ದೋಣಿಯಲ್ಲಿ ಕಳೆದ ಹುಡುಗಿ: ಒಂದು ಪ್ರಕರಣ ಅಧ್ಯಯನ

ಶಾಲೆಗೆ ಬಂದ ಮೊದಲ ದಿನ ಪಕ್ಕ ಕೂತ ಹುಡುಗಿ "ನಿಮ್ಮೂರು ಯಾವ್ದು?" ಅಂತ ಕೇಳಿದಳು. ಇವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ, "ಈಗ ಹದಿನೇಳು ಡಿಗ್ರಿ ಇಪ್ಪತ್ತು ಮಿನಿಟ್ ಉತ್ತರ, ಎಪ್ಪತ್ತಾರು ಡಿಗ್ರಿ ಐವತ್ತು ಮಿನಿಟ್ ಪೂರ್ವ" ಎಂದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಫೋನಿನಲ್ಲಿ ನಕಾಶೆ ತೆಗೆದು ನೋಡಿದೆ. ಸರಿಯಾಗಿ ಕಲಬುರಗಿಯೇ.

ಬಿ.ಎಡ್. ಮಾಡುವಾಗ ನಾವೆಲ್ಲ ಪ್ರಕರಣ ಅಧ್ಯಯನ ಬರೆದವರೇ. ಸೀನಿಯರ್‌ಗಳ ರೆಕಾರ್ಡ್ ತಂದು, ಮಗುವಿನ ಹೆಸರು ಬದಲಿಸಿ, ಚೆಂದದ ಅಕ್ಷರದಲ್ಲಿ ಇಳಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದು ಕೊಟ್ಟರೆ ಮುಗೀತು. ಇದು ಅಂಥದ್ದಲ್ಲ. ಈ ಹುಡುಗಿಯನ್ನು ನಾನು ಹದಿನಾಲ್ಕು ತಿಂಗಳಿಂದ ನೋಡುತ್ತಿದ್ದೇನೆ. ಮೊದಲ ಐದು ತಿಂಗಳು ಬರೀ ಫೋನಿನಲ್ಲಿ, ಆಮೇಲೆ ಓಣಿಯಲ್ಲಿ, ಈಗ ದಿನಾ ಕ್ಲಾಸಿನಲ್ಲಿ. ಅವಳನ್ನು ಇಲ್ಲಿ ಮುನ್ನಿ ಎನ್ನುತ್ತೇನೆ. ಅದು ಅವಳ ಹೆಸರಲ್ಲ. ಬರೆಯೋಕೆ ಅಪ್ಪ ಅವ್ವ ಒಪ್ಪಿದ್ದಾರೆ. ಮುನ್ನಿಯೂ ಒಪ್ಪಿದ್ದಾಳೆ, ಆದರೆ ವಾಂತಿ ಮಾಡಿದ್ದು ಒಂದೇ ಸಲ ಬರೀಬೇಕು ಅನ್ನೋ ಷರತ್ತಿನ ಮೇಲೆ.

ನನ್ನ ಹತ್ತಿರ ಇರುವುದು ಇಷ್ಟು: ದೋಣಿಯಲ್ಲಿ ಅವಳು ಬರೆದ ಎರಡು ದಿನಚರಿ ಪುಸ್ತಕ, ಅವಳ ಅವ್ವ ಕಳಿಸುತ್ತಿದ್ದ ವಾಯ್ಸ್ ಮೆಸೇಜ್‌ಗಳು, ಮಂಗಳವಾರ ಮತ್ತು ಶುಕ್ರವಾರ ನಾನು ಫೋನಿನಲ್ಲಿ ಮಾಡಿದ ಪಾಠದ ಟಿಪ್ಪಣಿ, ಮತ್ತು ಅವಳ ಆಯಿಯ, ಅಂದರೆ ಅಪ್ಪನ ಅವ್ವನ, ಮಾತು. ಆಯಿಯ ಮಾತೇ ಜಾಸ್ತಿ. ಅವರ ಮನೆ ನಮ್ಮ ಓಣಿಯಲ್ಲೇ, ಎರಡು ಮನೆ ಆಚೆ.

ಹೋಗಿದ್ದು ಯಾಕೆ

ಮುನ್ನಿಯ ಅಪ್ಪ ಇಲ್ಲೇ ಕಲಬುರಗಿಯಲ್ಲಿ ಬೆಳೆದವರು. ಹನ್ನೆರಡು ವರ್ಷ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದರು. ವರ್ಷಕ್ಕೆ ಏಳೆಂಟು ತಿಂಗಳು ಮನೆಯಲ್ಲಿ ಇರುತ್ತಿರಲಿಲ್ಲ. ಮಗಳು ಎರಡನೇ ಕ್ಲಾಸಿಗೆ ಬಂದಾಗ ಲೆಕ್ಕ ಹಾಕಿದರಂತೆ: ಅವಳ ಎಂಟು ಹುಟ್ಟುಹಬ್ಬದಲ್ಲಿ ತಾವು ಇದ್ದದ್ದು ಎರಡಕ್ಕೆ. ಕೆಲಸ ಬಿಟ್ಟರು. ಇದ್ದ ದುಡ್ಡಿನಲ್ಲಿ ಮುಂಬೈಯಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡರು. ಮೂವತ್ತನಾಲ್ಕು ಅಡಿ ಉದ್ದ, ಫೈಬರಿನದ್ದು, ಒಳಗೆ ಒಂದು ಪುಟ್ಟ ಎಂಜಿನ್. ಮೂವರೂ ಕರಾವಳಿ ಹಿಡಿದು ಕೊಚ್ಚಿ ತನಕ ಇಳಿಯೋದು, ಮಳೆಗಾಲ ಬರುವ ಮೊದಲು ದೋಣಿಯನ್ನು ದಡಕ್ಕೆ ಎತ್ತಿಸಿ ಕಲಬುರಗಿಗೆ ಬಂದು ನೆಲೆಸೋದು ಎಂದು ತೀರ್ಮಾನ.

ಆಯಿಗೆ ಇದನ್ನು ಹೇಳಿದಾಗ ಅವರು ಅಂದದ್ದು ಒಂದೇ ಮಾತು. "ಹಡಗಿನ ನೌಕ್ರಿ ಬಿಟ್ಟು ಹಡಗಿನ್ಯಾಗೇ ಮನಿ ಮಾಡ್ತಾನಂತ, ಇವ್ನ ತಲಿ ಏನರ ತಿರುಗ್ಯದೇನ್ರಿ?"

ಮುನ್ನಿ ಮುಂಬೈಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಎರಡು ವರ್ಷ ಓದಿದ್ದಳು. ಮುಂದೆ ಇಲ್ಲಿ ಕನ್ನಡ ಶಾಲೆಗೆ ಸೇರಬೇಕಿತ್ತು. ಹಾಗಾಗಿ ಅವಳ ಅವ್ವ ನನಗೆ ಫೋನ್ ಮಾಡಿ, ವಾರಕ್ಕೆ ಎರಡು ದಿನ ಕನ್ನಡ ಮತ್ತು ಲೆಕ್ಕ ಹೇಳಿಕೊಡ್ತೀರಾ ಎಂದು ಕೇಳಿದರು. ಸಮುದ್ರದಲ್ಲಿ ಫೋನ್ ಎಲ್ಲಿ ಸಿಗುತ್ತೆ ಎಂದೆ. ದಡದಿಂದ ಮೂರು ನಾಲ್ಕು ಮೈಲಿ ಒಳಗೇ ಇರ್ತೀವಿ, ಸಿಗುತ್ತೆ ಎಂದರು. ಸಿಕ್ಕಿತು ಕೂಡ. ನಮ್ಮ ಮನೆಯ ಹಿಂದಿನ ಕೋಣೆಗಿಂತ ಚೆನ್ನಾಗಿ.

ಗಾಳಿ ನೋಡಿ ಪಾಠ

ನವೆಂಬರ್ ಕೊನೆಗೆ ಹೊರಟರು. ಅದು ಸರಿಯಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರದ ಹತ್ತಿರ ಸಣ್ಣ ದೋಣಿ ಹೋಗುವಂತಿಲ್ಲ. ಮೀನುಗಾರಿಕೆಗೂ ಜೂನ್ 1ರಿಂದ 61 ದಿನ ನಿಷೇಧ ಇದ್ದೇ ಇದೆ. ಚಳಿಗಾಲದಲ್ಲಿ ಮಾತ್ರ ಈ ಕರಾವಳಿ ಬಹಳ ಶಿಸ್ತಿನದ್ದು. ಬೆಳಗಿನ ಜಾವ ನೆಲದ ಕಡೆಯಿಂದ ತಣ್ಣನೆ ಗಾಳಿ. ಒಂಬತ್ತು ಹತ್ತಕ್ಕೆ ಅದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಎಲೆಯೂ ಅಲ್ಲಾಡದ ಹಾಗೆ ಸುಮ್ಮನಿದ್ದು, ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ, ವಾಯವ್ಯದಿಂದ, ಗಾಳಿ ಶುರು. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಬೀಳುತ್ತದೆ.

ಮುನ್ನಿಯ ಶಾಲೆ ನಡೆದದ್ದು ಆ ನಡುವಿನ ಸುಮ್ಮನಿರುವ ಹೊತ್ತಿನಲ್ಲಿ. ಐದಕ್ಕೆ ಎದ್ದು ಲಂಗರು ಎತ್ತೋದು, ಒಂಬತ್ತೂವರೆಗೆ ಪುಸ್ತಕ, ಹನ್ನೊಂದೂವರೆಗೆ ಊಟ, ಗಾಳಿ ಬಂದ ಮೇಲೆ ಹಾಯಿ, ನಾಲ್ಕರ ಸುಮಾರಿಗೆ ಯಾವುದಾದರೂ ಕೊಲ್ಲಿಯಲ್ಲೋ ಅಳಿವೆಯಲ್ಲೋ ಮತ್ತೆ ಲಂಗರು. ಮೊದಲ ವಾರ ಅವ್ವ ಹಠ ಹಿಡಿದು, ಅಲೆ ಇರುವಾಗಲೇ ಕಾಪಿ ಬರೆಸಲು ಕೂರಿಸಿದರು. ಒಪ್ಪಂದದ ಪ್ರಕಾರ ಒಂದೇ ಸಲ ಬರೆಯುತ್ತೇನೆ: ವಾಂತಿ ಮಾಡಿದಳು. ಕಣ್ಣಿಗೆ ಪುಸ್ತಕದ ಹಾಳೆ ನಿಂತಿರುವ ಹಾಗೆ ಕಾಣುತ್ತದೆ, ಕಿವಿಯ ಒಳಗೆ ಮೈ ತೂಗುತ್ತಿರುವುದು ಗೊತ್ತಾಗುತ್ತದೆ. ಎರಡಕ್ಕೂ ತಾಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ದೂರದ ದಡವನ್ನೇ ನೋಡುತ್ತಾ ಕೂತರೆ ಕಡಿಮೆಯಾಗುತ್ತದೆ. ಅದಾದ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಓದು ಬರಹ ಲಂಗರು ಹಾಕಿದಾಗ ಅಥವಾ ನೀರು ಸುಮ್ಮನಿದ್ದಾಗ. ದೋಣಿ ಓಡುವಾಗ ಬರೀ ಬಾಯಿಪಾಠ, ಮಗ್ಗಿ, ಕತೆ, ಒಗಟು.

ಮಗ್ಗಿಯನ್ನು ಅವಳು ಕಲಿತದ್ದು ನೋಡಿ ನನಗೆ ಹೊಟ್ಟೆಕಿಚ್ಚು ಬಂತು. ದೋಣಿಯ ವೇಗ ಗಂಟೆಗೆ ಐದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಇನ್ನು ಇಪ್ಪತ್ತೆರಡು ಮೈಲಿ ಇದೆ, ಈಗ ಹತ್ತು ಗಂಟೆ, ಕತ್ತಲಾಗುವ ಮೊದಲು ಮುಟ್ಟುತ್ತೇವಾ? ಇದು ಪುಸ್ತಕದ ಲೆಕ್ಕ ಆಗಿದ್ದರೆ ನಮ್ಮ ಮಕ್ಕಳು ಆಕಳಿಸುತ್ತಾರೆ. ಅವಳಿಗೆ ಉತ್ತರ ಬೇಕಿತ್ತು, ಯಾಕೆಂದರೆ ಕತ್ತಲಾದರೆ ಅಪ್ಪನ ಮುಖ ಬಿಗಿಯುತ್ತಿತ್ತು.

ಭೂಗೋಳವೂ ಹೀಗೇ. ಮಹಾರಾಷ್ಟ್ರದ ಕರಾವಳಿಯ ಜೈಗಡದಲ್ಲಿ ಲಂಗರು ಹಾಕಿದ ದಿನ ಅಕ್ಷಾಂಶ ಓದಿ ಹೇಳಿದಳು. ನಾನು ಇಲ್ಲಿಯದನ್ನು ನೋಡಿದೆ. ಹೆಚ್ಚು ಕಡಿಮೆ ಒಂದೇ! ಅಂದರೆ ಜೈಗಡದ ಕೋಟೆಯಿಂದ ಸೀದಾ ಪೂರ್ವಕ್ಕೆ ನಡೆದರೆ, ನಾನೂರು ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ, ಆಯಿಯ ಮನೆ ಬಾಗಿಲು. ಆಯಿಗೆ ಇದನ್ನು ಹೇಳಿದೆ. ಅವತ್ತು ಸಂಜೆ ಅವರು ಮನೆ ಮುಂದೆ ಪಡುವಣಕ್ಕೆ ಮುಖ ಮಾಡಿ ಕೂತಿದ್ದರು.

ಅದಕ್ಕೂ ಎರಡು ದಿನ ಮೊದಲು ದಾಭೋಳದಲ್ಲಿ ಇದ್ದಾಗ ನಾನು ಮಹಮದ್ ಗವಾನನ ಕತೆ ಹೇಳಿದ್ದೆ. ಪರ್ಷಿಯಾದ ವ್ಯಾಪಾರಿ, 1453ರಲ್ಲಿ ಇದೇ ದಾಭೋಳದಲ್ಲಿ ಇಳಿದು ಬೀದರ್‌ಗೆ ಬಂದವನು, ಬಹಮನಿ ಸುಲ್ತಾನರ ಮಂತ್ರಿಯಾಗಿ 1472ರಲ್ಲಿ ಬೀದರ್‌ನ ಮದರಸಾ ಕಟ್ಟಿಸಿದವನು. ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಟಿವಿಯಲ್ಲಿ ಕಾಣುವ ವಸ್ತು ಅಲ್ವಾ? ಆದರೆ ಬಹಮನಿ ಕಾಲದಲ್ಲಿ ದಾಭೋಳ ನಮ್ಮದೇ ಬಂದರು. ಕುದುರೆಗಳು ಅಲ್ಲಿ ಇಳಿದು ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. "ಕುದುರೆಗೆ ವಾಂತಿ ಆಗ್ತಿರಲಿಲ್ವಾ ಟೀಚರ್?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. (ಕುದುರೆಗೆ ವಾಂತಿ ಮಾಡೋಕೆ ಆಗೋದೇ ಇಲ್ಲವಂತೆ, ಆಮೇಲೆ ಓದಿದೆ.)

ಖಡಕ್ ರೊಟ್ಟಿ, ನೀರು

ಆಯಿ ಮಗನಿಗೆ ಬೈದರೂ, ಹೊರಡುವ ಮುಂಚೆ ಎರಡು ನೂರು ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಐದು ಕಿಲೋ ತೊಗರಿ ಬೇಳೆ ಕಟ್ಟಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೊರಟಿದ್ದ ಸಂಬಂಧಿಕರ ಕೈಲಿ ಮುಂಬೈಗೆ ಕಳಿಸಿದ್ದರು. ದೋಣಿಗೆ ಇದಕ್ಕಿಂತ ಒಳ್ಳೆ ಊಟ ಇಲ್ಲ. ಫ್ರಿಜ್ ಬೇಡ, ಒಲೆ ಬೇಡ, ತಿಂಗಳುಗಟ್ಟಲೆ ಕೆಡಲ್ಲ. ಒಂದೇ ತೊಂದರೆ, ಉಪ್ಪು ಗಾಳಿಗೆ ಮೂರೇ ದಿನದಲ್ಲಿ ರೊಟ್ಟಿ ಮೆತ್ತಗಾಗಿ ಚರ್ಮದ ಹಾಗೆ ಆಯಿತು. ಅವ್ವ ಫೋನ್ ಮಾಡಿ ಕೇಳಿದಾಗ ಆಯಿ ಹೇಳಿದ್ದು: ಬಿಸಿಲಿಗೆ ಒಂದು ತಾಸು ಇಡು, ಬಿಸಿ ಇರುವಾಗ ಡಬ್ಬಿಗೆ ಹಾಕಬೇಡ, ಆರಿದ ಮೇಲೆ ಹಾಕು, ಮುಚ್ಚಳದ ಒಳಗೆ ಧೋತ್ರದ ತುಂಡು ಇಡು. ರೊಟ್ಟಿಗಳನ್ನು ದೋಣಿಯ ಮಾಡಿನ ಮೇಲೆ ಸಾಲಾಗಿ ಹರಡಿ, ಗಾಳಿಗೆ ಹಾರದ ಹಾಗೆ ಮೇಲೆ ಮೀನಿನ ಬಲೆಯ ತುಂಡು ಹೊದಿಸಿ ಕಾಯೋದು ಮುನ್ನಿಯ ಕೆಲಸ ಆಯಿತು. ಆ ಫೋಟೋ ನನ್ನ ಹತ್ತಿರ ಇದೆ. ಹಿಂದೆ ವಿಜಯದುರ್ಗದ ಕೋಟೆ, ಮುಂದೆ ಜೋಳದ ರೊಟ್ಟಿ, ನಡುವೆ ಲೈಫ್ ಜಾಕೆಟ್ ಹಾಕಿಕೊಂಡು ಕಾಗೆ ಓಡಿಸುತ್ತಿರುವ ಹುಡುಗಿ.

ನೀರಿನ ಟ್ಯಾಂಕ್ 250 ಲೀಟರಿನದ್ದು. ಮೂವರಿಗೆ ದಿನಕ್ಕೆ 25 ಲೀಟರ್ ಅಂತ ಹಿಡಿದರೆ ಹತ್ತು ದಿನ. ಪಾತ್ರೆಯನ್ನು ಮೊದಲು ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಒಂದು ಲೋಟ ಸಿಹಿನೀರು ತೋರಿಸೋದು. ಸ್ನಾನಕ್ಕೆ ಒಂದು ತಂಬಿಗೆ. ಇದನ್ನು ಅವರ ಅಪ್ಪ ದೊಡ್ಡ ತ್ಯಾಗದ ಹಾಗೆ ಹೇಳಿಕೊಳ್ಳುತ್ತಿದ್ದರು. ಆಯಿ ಕೇಳಿಸಿಕೊಂಡು, "ಮೇ ತಿಂಗಳಾಗ ಇಲ್ಲಿ ಬಂದು ನೋಡಂತ ಹೇಳ್ರಿ" ಎಂದರು. ನಿಜ. ಮುನ್ನಿ ಮೇನಲ್ಲಿ ಇಲ್ಲಿಗೆ ಬಂದಾಗ ನಳ ಬಂದ ದಿನ ಕೊಡ, ಹಂಡೆ, ಬಕೆಟ್ ಎಲ್ಲ ತುಂಬಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಷ್ಟು ಲೀಟರ್ ಎಂದು ಬರೆದಿಟ್ಟಳು. ಅವಳಿಗೆ ನಾವು ಯಾರೂ ಹೇಳಿಕೊಡಬೇಕಾಗಲಿಲ್ಲ.

ದಿನಚರಿಯಲ್ಲಿ ಒಂಬತ್ತು ಖಾಲಿ ಹಾಳೆ

ಈಗ ಈ ಪ್ರಕರಣದ ಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನು ಅಪ್ಪ ಅವ್ವ ಇಬ್ಬರೂ ಮೊದಲು ನನಗೆ ಹೇಳಿರಲಿಲ್ಲ.

ಡಿಸೆಂಬರ್ ಮೂರನೇ ವಾರ, ವಿಜಯದುರ್ಗ ಬಿಟ್ಟು ಮಾಲವಣ ಕಡೆ ಹೋಗುವಾಗ, ಗಾಳಿ ಕೈಕೊಟ್ಟಿತು. ಎಂಜಿನ್ ಹಾಕಿಕೊಂಡು ಹೊರಟಿದ್ದರು. ಕತ್ತಲಾಗುವ ಹೊತ್ತಿಗೆ ದೋಣಿ ಗಕ್ಕನೆ ನಿಂತಿತು. ಮೀನಿನ ಬಲೆ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡಿತ್ತು. ಈ ಕರಾವಳಿಯಲ್ಲಿ ಸಣ್ಣ ದೋಣಿಯವರು ಹೆದರೋದು ಬಿರುಗಾಳಿಗಿಂತ ಜಾಸ್ತಿ ಇದಕ್ಕೇ. ಬಲೆಗಳು ಮೈಲಿಗಟ್ಟಲೆ ಇರುತ್ತವೆ, ಎಷ್ಟೋ ಸಲ ಗುರುತಿಗೆ ಒಂದು ಪ್ಲಾಸ್ಟಿಕ್ ಡಬ್ಬ ಬಿಟ್ಟರೆ ಬೇರೇನೂ ಇರಲ್ಲ. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚಾಕು ಹಿಡಿದು ನೀರಿಗೆ ಇಳಿದರು. ಅವ್ವ ಚುಕ್ಕಾಣಿ ಮತ್ತು ರೇಡಿಯೋ ಹಿಡಿದಿದ್ದರು. ಟಾರ್ಚ್ ಹಿಡಿಯೋಕೆ ಉಳಿದದ್ದು ಮುನ್ನಿ ಒಬ್ಬಳೇ. ಅಪ್ಪ ಮುಳುಗಿದಾಗ ಎಣಿಸಬೇಕು, ನಲವತ್ತಕ್ಕೆ ಮೇಲೆ ಬರದಿದ್ದರೆ ಹಗ್ಗ ಎಳೆದು ಅವ್ವನಿಗೆ ಕೂಗಬೇಕು. ಹೀಗೆ ಒಂದೂವರೆ ಗಂಟೆ. ಒಮ್ಮೆ ಅವಳ ಎಣಿಕೆ ಮೂವತ್ತೆಂಟರ ತನಕ ಹೋಗಿತ್ತು.

ಏನೂ ಆಗಲಿಲ್ಲ. ಬಲೆ ಬಿಡಿಸಿದರು, ರಾತ್ರಿ ದೇವಗಡದ ದೀಪಸ್ತಂಭ ನೋಡಿಕೊಂಡು ಒಳಗೆ ಬಂದರು. ಅಪ್ಪ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದರು: ನನ್ನ ಮಗಳು ಭಾಳ ಧೈರ್ಯವಂತಿ. ಕಾಕಾ, ಮಾಮಾ, ಅತ್ತಿ ಎಲ್ಲರೂ ಚಪ್ಪಾಳೆ ಹಾಕಿದರು. ನಾನೂ ಹಾಕಿದೆ.

ಅವಳ ದಿನಚರಿ ಪ್ರತಿ ಶುಕ್ರವಾರ ಫೋಟೋದಲ್ಲಿ ಬರುತ್ತಿತ್ತು. ಆ ಶುಕ್ರವಾರ ಬರಲಿಲ್ಲ. ಮುಂದಿನ ಶುಕ್ರವಾರ ಬಂತು, ಗೋವಾದಿಂದ. ಒಂಬತ್ತು ಹಾಳೆಯಲ್ಲಿ ಬರೀ ತಾರೀಖು. ಅದಕ್ಕಿಂತ ಮೊದಲು ದಿನಾ ಅರ್ಧ ಪುಟ ಬರೆಯುತ್ತಿದ್ದವಳು, ಡಾಲ್ಫಿನ್ ಎಷ್ಟು, ರೊಟ್ಟಿ ಎಷ್ಟು ಉಳಿದಿವೆ, ಎಲ್ಲ. ಮಂಗಳವಾರದ ಪಾಠದಲ್ಲಿ "ನಲವತ್ತರಿಂದ ಹಿಂದಕ್ಕೆ ಎಣಿಸು" ಎಂದೆ, ಸುಮ್ನೆ, ನನಗೆ ಬಲೆಯ ವಿಷಯ ಆಗ ಪೂರ್ತಿ ಗೊತ್ತಿಲ್ಲ. ಫೋನ್ ಇಟ್ಟುಬಿಟ್ಟಳು.

ಆಗ ಅವ್ವನನ್ನು ಕೂರಿಸಿಕೊಂಡು, ಅಂದರೆ ಫೋನಿನಲ್ಲೇ, ಕೇಳಿದೆ. ಅಪ್ಪ ಈಜೋಕೆ ಇಳಿದರೆ ಮುನ್ನಿ ಅಳುತ್ತಾಳೆ, ರಾತ್ರಿ ಎರಡು ಮೂರು ಸಲ ಎದ್ದು ಬಂದು ಅಪ್ಪ ಮಲಗಿದ್ದಾರಾ ಎಂದು ಮುಟ್ಟಿ ನೋಡುತ್ತಾಳೆ ಎಂದರು. "ಹೇಳೋಕೆ ಹೋದರೆ ಬ್ಯಾಡ ಅಂತಾಳ್ರಿ." ಯಾಕೆ ಹೇಳುತ್ತಾಳೆ? ಎಲ್ಲರೂ ಧೈರ್ಯವಂತಿ ಎಂದು ಬಿರುದು ಕೊಟ್ಟಾಗಿದೆ. ಹೆದರಿಕೆ ಆಯಿತು ಎಂದರೆ ಬಿರುದು ಹೋಗುತ್ತದೆ. ಆ ಚಪ್ಪಾಳೆ ಹಾಕಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ನಾನು ಮನೋವೈದ್ಯೆ ಅಲ್ಲ. ಆದರೆ ಇಪ್ಪತ್ತು ವರ್ಷ ಮಕ್ಕಳ ಜೊತೆ ಇದ್ದವಳಿಗೆ ಒಂದು ಗೊತ್ತಿದೆ, ಅಪ್ಪನ ಜೀವ ಕಾಯುವ ಕೆಲಸ ಎಂಟು ವರ್ಷದ ಮಗುವಿನದ್ದಲ್ಲ. ದೋಣಿಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಇರಬೇಕು, ಸರಿ, ಮಗುವಿಗೂ ಇರಲಿ. ಅದು ತಪ್ಪಿದರೆ ರೊಟ್ಟಿ ಮೆತ್ತಗಾಗಬೇಕು, ಅಷ್ಟೇ. ಯಾರೂ ಮುಳುಗಬಾರದು. ಇದನ್ನು ಸ್ವಲ್ಪ ಖಾರವಾಗಿಯೇ ಹೇಳಿದೆ. ಅವಳ ಅಪ್ಪನಿಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು.

ಗೋವಾದಲ್ಲಿ ಹದಿನೈದು ದಿನ ನಿಂತರು. ಮೂರು ಬದಲಾವಣೆ ಆಯಿತು. ಮಧ್ಯಾಹ್ನ ನಾಲ್ಕರ ಮೇಲೆ ದೋಣಿ ಓಡಿಸೋದು ಇಲ್ಲ. ಇಂಥದ್ದು ಮತ್ತೆ ಆದರೆ ಲಂಗರು ಹಾಕಿ, ಬೆಳಕಾಗುವ ತನಕ ಕಾದು, ಬೇಕಾದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡೋದು, ಕತ್ತಲಲ್ಲಿ ಇಳಿಯೋದು ಇಲ್ಲ. ಮತ್ತೆ ಮೂರನೆಯದು, ಅಪ್ಪ ಮಗಳ ಹತ್ತಿರ ಕೂತು "ಅವತ್ತು ನನಗೂ ಹೆದರಿಕೆ ಆಗಿತ್ತು" ಎಂದು ಹೇಳಿದ್ದು. ಇದು ನನ್ನ ಸಲಹೆ ಅಲ್ಲ, ಅವರದ್ದೇ. ಅದರ ಮಾರನೇ ದಿನ ದಿನಚರಿಯಲ್ಲಿ ಎರಡು ಸಾಲು ಬಂತು. "ಮೂವತ್ತೆಂಟು ಬಹಳ ದೊಡ್ಡ ನಂಬರ್. ಇವತ್ತು ಪೊರೋಟಾ ತಿಂದೆ."

ಅದೇ ಗೋವಾದಲ್ಲಿ ಅಪ್ಪ ಅವಳಿಗೆ ಮಾಂಡೋವಿ ನದಿ ತೋರಿಸಿ, ಇದು ನಮ್ಮ ಮಹದಾಯಿನೇ, ಖಾನಾಪುರದ ಕಡೆ ಹುಟ್ಟಿ ಬಂದದ್ದು ಎಂದರಂತೆ. ಆ ನದಿಯ ಹೆಸರಿನ ನೌಕಾಪಡೆಯ ಹಾಯಿದೋಣಿ 'ಮ್ಹಾದೇಯಿ'ಯಲ್ಲಿ ಅಭಿಲಾಷ್ ಟೋಮಿ 2012ರ ನವೆಂಬರ್‌ನಲ್ಲಿ ಮುಂಬೈಯಿಂದ ಒಬ್ಬರೇ ಹೊರಟು, ಎಲ್ಲೂ ನಿಲ್ಲದೆ ಭೂಮಿಗೆ ಸುತ್ತು ಹಾಕಿ ಐದು ತಿಂಗಳಿಗೆ ಮುಂಬೈಗೇ ಬಂದರು. ನಮ್ಮ ಈ ಕುಟುಂಬ ಅದೇ ಐದು ತಿಂಗಳಲ್ಲಿ ಕೊಚ್ಚಿ ಮುಟ್ಟಿತು. ಮುನ್ನಿ ಇದನ್ನು ಅಪ್ಪನಿಗೆ ಆಗಾಗ ನೆನಪಿಸುತ್ತಾಳೆ.

ಹೆಸರು ಕೇಳೋದು ಬಿಟ್ಟಳು

ಹೆದರಿಕೆ ಕಣ್ಣಿಗೆ ಕಾಣುತ್ತದೆ. ಇನ್ನೊಂದು ತೊಂದರೆ ನಿಧಾನಕ್ಕೆ ಬಂತು, ಯಾರಿಗೂ ಕಾಣಲಿಲ್ಲ, ನನಗೂ.

ಶುರುವಿನ ದಿನಚರಿಯಲ್ಲಿ ಪ್ರತಿ ಬಂದರಿಗೂ ಒಂದು ಗೆಳತಿಯ ಹೆಸರು ಇದೆ. ಮುರುಡದಲ್ಲಿ ಒಬ್ಬಳು, ರತ್ನಾಗಿರಿಯಲ್ಲಿ ಇಬ್ಬರು. ತದಡಿಯಲ್ಲಿ, ಅಘನಾಶಿನಿಯ ಅಳಿವೆಯಲ್ಲಿ, ಎಂಜಿನ್ ರಿಪೇರಿಗೆ ಹನ್ನೆರಡು ದಿನ ನಿಂತರು. ಅಲ್ಲಿ ಚಿಪ್ಪುಗಳನ್ನು ಹೆಕ್ಕುವ ಮನೆಯ ಹುಡುಗಿಯೊಬ್ಬಳು ಜೀವದ ಗೆಳತಿಯಾದಳು. ಇಳಿತದ ಹೊತ್ತಿಗೆ ಇಬ್ಬರೂ ಮೊಣಕಾಲುದ್ದ ಕೆಸರಲ್ಲಿ ಇಳಿದು, ಬೆರಳಿಗೆ ತಾಗಿದ್ದನ್ನು ಎತ್ತಿ ಬುಟ್ಟಿಗೆ ಹಾಕೋದು. ಆ ಹನ್ನೆರಡು ದಿನ ದಿನಚರಿ ಎರಡೆರಡು ಪುಟ ಇದೆ. ಆಮೇಲೆ ಮಲ್ಪೆ. ಮಲ್ಪೆಯ ಬಗ್ಗೆ ದ್ವೀಪದ ಆರು ಮೂಲೆಯ ಕಲ್ಲುಗಂಬ ಇದೆ, ಐಸ್‌ಕ್ರೀಮ್ ಇದೆ, ಮಕ್ಕಳು ಇಲ್ಲ. ಮಂಗಳೂರು, ಕಣ್ಣೂರು, ಬೇಪೂರು, ಎಲ್ಲೂ ಹೆಸರಿಲ್ಲ. ಬೇಪೂರಿನಲ್ಲಿ ಉರು ಎಂಬ ಮರದ ದೊಡ್ಡ ಹಡಗು ಕಟ್ಟೋದನ್ನು ನೋಡಿ ಚೆಂದಾಗಿ ಚಿತ್ರ ಬರೆದಿದ್ದಾಳೆ. ಚಿತ್ರದಲ್ಲಿ ಒಂದು ಹುಡುಗಿ ಇದೆ. ಯಾರು ಇದು ಎಂದೆ.

"ಅಲ್ಲಿ ಆಡಿದ್ವಿ ಟೀಚರ್."

"ಹೆಸರೇನು?"

"ಕೇಳಿಲ್ಲ. ಹೆಸರು ಕೇಳಿ ಏನ್ ಮಾಡ್ಲಿ? ನಾಳೆ ಹೋಗ್ತೀವಲ್ಲ."

ಶಾಲೆಗೆ ಸೇರಿಸಿದ್ದು

ಅವಳು ಬಂದದ್ದು ಮೇ ಮಧ್ಯದಲ್ಲಿ, 43 ಡಿಗ್ರಿ ಬಿಸಿಲಿಗೆ. ಮೊದಲ ವಾರ ನೆಲ ತೂಗುತ್ತಿದೆ ಎನ್ನುತ್ತಿದ್ದಳು. ಇದು ತಿಂಗಳುಗಟ್ಟಲೆ ನೀರ ಮೇಲೆ ಇದ್ದವರಿಗೆ ಆಗೋದೇ. ದೊಡ್ಡ ಸಮಸ್ಯೆ ರಾತ್ರಿ. ಮಂಚ ಅಲ್ಲಾಡದಿದ್ದರೆ ನಿದ್ದೆ ಬರದು. ದೋಣಿಯಲ್ಲಿ ಅವಳ ಹಾಸಿಗೆಗೆ ಪಕ್ಕದಲ್ಲಿ ದಪ್ಪ ಬಟ್ಟೆ ಕಟ್ಟಿದ್ದರು, ಉರುಳಿ ಬೀಳದ ಹಾಗೆ. ಆಯಿ ಒಂದು ಹಳೆ ಇಳಕಲ್ ಸೀರೆ ತೆಗೆದು ತೊಲೆಗೆ ಜೋಲಿ ಕಟ್ಟಿದರು. ಒಂಬತ್ತು ವರ್ಷದ ಹುಡುಗಿ ಕೂಸಿನ ಹಾಗೆ ಜೋಲಿಯಲ್ಲಿ ಮಲಗಿದಳು, ಆಯಿ ಕಾಲಿನಿಂದ ತೂಗಿದರು. ಇಪ್ಪತ್ತು ದಿನ. ಓಣಿಯ ಹೆಂಗಸರು ನಕ್ಕರೆ, "ನಿಮ್ಮವ್ವ ನಿಮ್ಗ ತೂಗಿಲ್ಲೇನು?" ಅನ್ನೋರು.

ಶಾಲೆಯಲ್ಲಿ ನಮ್ಮ ಎಚ್.ಎಂ. ಸರ್‌ಗೆ ದೊಡ್ಡ ಚಿಂತೆ. ಟಿಸಿಯಲ್ಲಿ ಎರಡನೇ ತರಗತಿ ಪಾಸು ಎಂದಿದೆ, ಆಮೇಲೆ ಒಂದು ವರ್ಷ ಎಲ್ಲೂ ದಾಖಲೆ ಇಲ್ಲ. ಮೂರಕ್ಕೆ ಹಾಕೋಣ ಎಂದರು. ನಾನು 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಡಿದುಕೊಂಡು ಹೋದೆ. ಅದರ ನಾಲ್ಕನೇ ಸೆಕ್ಷನ್ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಸ್ಟಾಫ್ ರೂಮಿನಲ್ಲಿ ಒಬ್ಬರು, ಮಗುವನ್ನು ಹೀಗೆ ಸಮುದ್ರಕ್ಕೆ ಕರೆದುಕೊಂಡು ಹೋಗೋದೇ ಅಪರಾಧ ಅಲ್ವಾ ಎಂದರು. ಅವರಿಗೆ ಲೌರಾ ಡೆಕ್ಕರ್ ಎಂಬ ಡಚ್ ಹುಡುಗಿಯ ಕತೆ ಹೇಳಿದೆ. 1995ರಲ್ಲಿ, ಅಪ್ಪ ಅವ್ವ ಹಾಯಿದೋಣಿಯಲ್ಲಿ ಜಗತ್ತು ಸುತ್ತುತ್ತಿದ್ದಾಗಲೇ ಹುಟ್ಟಿದವಳು. ಹದಿಮೂರಕ್ಕೆ ಒಬ್ಬಳೇ ಸುತ್ತಲು ಹೊರಟಾಗ ಕೋರ್ಟು ಅವಳನ್ನು ಮಕ್ಕಳ ರಕ್ಷಣಾ ಇಲಾಖೆಯ ನಿಗಾದಲ್ಲಿ ಇಟ್ಟಿತು. ಮರುವರ್ಷ ಅದನ್ನು ತೆಗೆಯಿತು, 2012ರಲ್ಲಿ ಹದಿನಾರನೇ ವಯಸ್ಸಿಗೆ ಅವಳು ಸುತ್ತು ಮುಗಿಸಿದಳು. ಕೋರ್ಟಿಗೇ ಎರಡು ಮನಸ್ಸಾದ ವಿಷಯ, ನಮಗ್ಯಾಕೆ ಸರ್, ನಾಲ್ಕನೇ ಕ್ಲಾಸಿಗೆ ಹಾಕಿ ಎಂದೆ. ಹಾಕಿದರು.

ಏನು ಬರುತ್ತಿತ್ತು, ಏನು ಬರುತ್ತಿರಲಿಲ್ಲ? ಗುಣಾಕಾರ, ಭಾಗಾಕಾರ, ಕೋನ, ದಿಕ್ಕು, ಗಡಿಯಾರ ಇವುಗಳಲ್ಲಿ ಏಳನೇ ಕ್ಲಾಸಿನವರಿಗೆ ಸಮ. ಕನ್ನಡ ಓದು ಸರಾಗ. ಬರಹದಲ್ಲಿ ಒತ್ತಕ್ಷರ ಎಲ್ಲ ಗಾಳಿಗೆ ಹಾರಿದ ಹಾಗೆ. ಭಿನ್ನರಾಶಿ ಬರಲ್ಲ, ಯಾಕೆಂದರೆ ನಾನು ಹೇಳಿಕೊಟ್ಟಿರಲಿಲ್ಲ. ಕೈಯಲ್ಲಿ ಕಸುವು ಎಷ್ಟು ಅಂದರೆ ಗಂಡು ಹುಡುಗರನ್ನೂ ಹಗ್ಗ ಜಗ್ಗಾಟದಲ್ಲಿ ಎಳೆದು ಹಾಕುತ್ತಾಳೆ, ಆದರೆ ಮೈದಾನದ ಒಂದು ಸುತ್ತು ಓಡಿದರೆ ಏದುಸಿರು. ಮೂವತ್ತನಾಲ್ಕು ಅಡಿಯಲ್ಲಿ ಎಲ್ಲಿ ಓಡೋದು?

ಕಷ್ಟ ಆದದ್ದು ಬೇರೆ ಕಡೆ. ಮೂವತ್ತೆಂಟು ಮಕ್ಕಳ ಗದ್ದಲದಲ್ಲಿ ಕೂರೋದು. ತನ್ನ ಸರದಿಗೆ ಕಾಯೋದು. ದೊಡ್ಡವರ ಜೊತೆ ದೊಡ್ಡವರ ಹಾಗೆ ಮಾತಾಡಿ ಅಭ್ಯಾಸ, ಹಾಗಾಗಿ ಎಚ್.ಎಂ. ಸರ್‌ಗೆ "ನೀವು ಆ ಕಿಟಕಿ ತೆಗೆದರೆ ಗಾಳಿ ಆಚೆಯಿಂದ ಬರ್ತದ" ಎಂದು ಸಲಹೆ ಕೊಟ್ಟಳು. ಸರ್ ತೆಗೆದರು, ಬಂತು, ಆದರೂ ಅವರಿಗೆ ಅದು ಹಿಡಿಸಲಿಲ್ಲ. ಮಕ್ಕಳ ಜೊತೆ ಮಾತ್ರ ಬಾಯಿ ಇಲ್ಲ. ಊಟದ ಹೊತ್ತಿಗೆ ಒಬ್ಬಳೇ ಮೆಟ್ಟಿಲ ಮೇಲೆ. ಜೂನ್ ಕೊನೆಗೂ ಪಕ್ಕದಲ್ಲಿ ಕೂರುವವಳ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಇಟ್ಟಿಗೆಯ ಅಳತೆ

ಜುಲೈನಲ್ಲಿ ಅವಳಿಂದ ಕ್ಲಾಸಿಗೆ ಸಮುದ್ರದ ಬಗ್ಗೆ ಹೇಳಿಸಿದೆ. ಬೋರ್ಡಿನ ಮೇಲೆ ಉಬ್ಬರ ಇಳಿತದ ಚಿತ್ರ ಬರೆದಳು. ಮುಂಬೈಯಲ್ಲಿ ದೊಡ್ಡ ಉಬ್ಬರದ ದಿನ ನೀರು ನಾಲ್ಕು ಮೀಟರ್‌ಗಿಂತ ಜಾಸ್ತಿ ಏರಿಳಿಯುತ್ತದೆ, ದಕ್ಷಿಣಕ್ಕೆ ಹೋದ ಹಾಗೆ ಕಡಿಮೆ, ಕೊಚ್ಚಿಗೆ ಬಂದರೆ ಒಂದು ಮೀಟರ್ ಆಸುಪಾಸು ಎಂದಳು. ಎಲ್ಲರೂ ಬಾಯಿ ಬಿಟ್ಟು ಕೇಳಿದರು, ಚಪ್ಪಾಳೆ ಹೊಡೆದರು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹುಣ್ಣಿಮಿಗಿ ಜಾಸ್ತಿ ಬರ್ತದ್ರಿ ಟೀಚರ್" ಎಂದ.

ತಾಂಡಾದ ಹುಡುಗ. ಅವನ ಅಪ್ಪ ಅವ್ವ ಪ್ರತಿ ವರ್ಷ ದೀಪಾವಳಿ ಮುಗಿಸಿ ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಯುಗಾದಿ ಹೊತ್ತಿಗೆ ಬರುತ್ತಾರೆ. ಇವನೂ ಜೊತೆಗೆ. ನಿನಗೆ ಹೇಗೆ ಗೊತ್ತು ಎಂದೆ. ಖಾಡಿಯ, ಅಂದರೆ ಸಮುದ್ರದ ನೀರು ಒಳಗೆ ನುಗ್ಗುವ ಹಳ್ಳದ, ಪಕ್ಕ ಜೋಪಡಿ ಹಾಕಿದ್ದರಂತೆ. ನೀರು ಒಳಗೆ ಬರದಿರಲಿ ಎಂದು ಬಾಗಿಲಿಗೆ ಇಟ್ಟಿಗೆ ಜೋಡಿಸಿದ್ದರಂತೆ. "ಬಾಕಿ ದಿನ ಒಂದು ಇಟ್ಟಿಗಿ. ಹುಣ್ಣಿಮಿಗಿ ಮೂರು. ಒಮ್ಮೆ ನಾಕನೇದೂ ತೊಯ್ತು, ನಾವು ಎದ್ದು ಕುಂತ್ವಿ."

"ಅಮಾಸಿಗೂ ಬರಬೇಕು" ಎಂದಳು ಮುನ್ನಿ.

"ಹೌದು, ಅಮಾಸಿಗೂ. ಕತ್ತಲ್ದಾಗ ಬರ್ತದ, ಅದಕ್ಕ ಗೊತ್ತಾಗಲ್ಲ."

ಅವತ್ತು ಮಧ್ಯಾಹ್ನ ಹಾಜರಿ ಪುಸ್ತಕ ತೆಗೆದು ನೋಡಿದೆ. ಹಿಂದಿನ ವರ್ಷ ಇವನು ಗೈರಾದ ತಿಂಗಳುಗಳೂ, ಮುನ್ನಿ ದೋಣಿಯಲ್ಲಿದ್ದ ತಿಂಗಳುಗಳೂ ಹೆಚ್ಚು ಕಡಿಮೆ ಒಂದೇ. ನವೆಂಬರ್‌ನಿಂದ ಮಾರ್ಚ್. ಊರೂ ಒಂದೇ, ಮುಂಬೈ. ಅವಳು ಹೊರಟದ್ದು ಅಲ್ಲಿಂದ, ಇವನು ಹೋದದ್ದು ಅಲ್ಲಿಗೆ. ಇವನ ಹೆಸರಿನ ಮುಂದೆ ನನ್ನದೇ ಕೈಯಿಂದ ಬರೆದದ್ದು ಇದೆ: ದೀರ್ಘ ಗೈರು, ಪೋಷಕರು ನಿರ್ಲಕ್ಷ್ಯ. ಮುನ್ನಿಗೆ ಅದೇ ಐದು ತಿಂಗಳು ನಾನು ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದೆ. ಅವಳ ಅವ್ವ ಕೇಳಿದ್ದರು, ಮಾಡಿದೆ. ಇವನ ಅವ್ವನಿಗೆ ಹೀಗೆ ಕೇಳಬಹುದು ಎಂದು ಗೊತ್ತೇ ಇಲ್ಲ. ವಲಸೆ ಹೋಗುವವರ ಮಕ್ಕಳಿಗೆ ಟೆಂಟ್ ಶಾಲೆ, ಋತುಮಾನದ ಹಾಸ್ಟೆಲ್ ಎಲ್ಲ ಯೋಜನೆಯಲ್ಲಿ ಇವೆ. ನಮ್ಮ ಹುಡುಗನ ಅವ್ವ, ಮಗನನ್ನು ಬಿಟ್ಟು ಹೋಗಲ್ಲ ಎಂದಳು. ಮುನ್ನಿಯ ಅಪ್ಪ ಹೇಳಿದ್ದೂ ಅದನ್ನೇ ಅಲ್ವಾ?

ಸದ್ಯದ ಸ್ಥಿತಿ ಹೀಗಿದೆ. ಮುನ್ನಿಗೆ ಸಂಜೆಯ ವಿಶೇಷ ತರಗತಿ ಮೂರು ತಿಂಗಳಿಗೆ ಮುಗಿಯಿತು. ಭಿನ್ನರಾಶಿ ಬಂತು, ಒತ್ತಕ್ಷರ ಅರ್ಧ ಬಂದಿದೆ. ರಾತ್ರಿ ಮಂಚದ ಮೇಲೆ ಮಲಗುತ್ತಾಳೆ. ದಸರಾ ರಜೆಗೆ ಕೊಚ್ಚಿಗೆ ಹೋಗಿ ದೋಣಿಗೆ ಬಣ್ಣ ಹೊಡೆದು ಬಂದಳು. ಈ ಜನವರಿಯಲ್ಲಿ ಅಪ್ಪ ಮತ್ತು ಅವರ ಗೆಳೆಯರೊಬ್ಬರು ದೋಣಿಯನ್ನು ಗೋವಾಕ್ಕೆ ಏರಿಸುತ್ತಿದ್ದಾರೆ. ಇಳಿಯುವಾಗ ಬೆನ್ನಿಗಿದ್ದ ವಾಯವ್ಯದ ಗಾಳಿ ಏರುವಾಗ ಮುಖಕ್ಕೆ. ನೀನು ಹೋಗಲ್ವಾ ಎಂದರೆ, "ಎದುರು ಗಾಳಿ ಟೀಚರ್, ನನಗ ಬ್ಯಾಡ" ಎನ್ನುತ್ತಾಳೆ. ಗಾಳಿಯೇ ಕಾರಣವೋ, ತದಡಿಯ ಹಾಗೆ ಇಲ್ಲೂ ಈಗ ಜೀವದ ಗೆಳತಿಯೊಬ್ಬಳು ಇದ್ದಾಳಲ್ಲ ಅದೋ, ನಾನು ಕೆದಕಿಲ್ಲ. ಆಯಿ ಮಾತ್ರ ಮಗನಿಗೆ ಮತ್ತೆ ರೊಟ್ಟಿ ಬಡಿದು ಕಳಿಸಿದ್ದಾರೆ, ಈ ಸಲ ಡಬ್ಬಿಯ ಜೊತೆಗೇ ಧೋತ್ರದ ತುಂಡು.

ತಾಂಡಾದ ಹುಡುಗ ನವೆಂಬರ್‌ನಲ್ಲಿ ಮುಂಬೈಗೆ ಹೋದ. ಈ ಸಲ ಚೀಲದಲ್ಲಿ ನಾಲ್ಕನೇ ಕ್ಲಾಸಿನ ಪುಸ್ತಕ, ಒಂದು ದಿನಚರಿ. ಅವನ ಅಪ್ಪನ ಫೋನ್ ಕೆಲಸದ ಜಾಗದಲ್ಲೇ ಚಾರ್ಜ್ ಆಗಬೇಕು, ಹಾಗಾಗಿ ಪಾಠ ರಾತ್ರಿ ಎಂಟೂವರೆಗೆ, ಮಂಗಳವಾರ ಮತ್ತು ಶುಕ್ರವಾರ. ಹದಿನಾಲ್ಕು ಪಾಠ ಆಗಿವೆ. ಮೂರು ತಪ್ಪಿವೆ. ಶುಕ್ರವಾರ ಮುನ್ನಿ ನಮ್ಮ ಮನೆಗೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಹೋದ ವಾರ ಹುಣ್ಣಿಮೆ ಇತ್ತು. ನಾನು ಮಗ್ಗಿ ಕೇಳುವ ಮೊದಲೇ ಫೋನ್ ಕಸಿದುಕೊಂಡು, ಅವನ ಹೆಸರು ಹಿಡಿದು ಕೂಗಿ, "ಎಷ್ಟನೇ ಇಟ್ಟಿಗಿ ತನಕ ಬಂತೋ?" ಎಂದಳು.